ಟೇಕಲ್‌ನಲ್ಲಿ ಇಳಿಯಬೇಕಾದವರು

ನಮ್ಮ ಕಡೆ ಹೊರಗಿನಿಂದ ಬಂದವರಿಗೆ ಮೊದಲು ಒಂದು ಚೊಂಬು ನೀರು ಕೊಡುತ್ತಾರೆ. ಯಾರು, ಎಲ್ಲಿಂದ ಬಂದಿರಿ, ಯಾಕೆ ಬಂದಿರಿ, ಅದೆಲ್ಲ ಆಮೇಲೆ. ಮನೆಯವರಿಗೆ ಮಾತ್ರ ಯಾರೂ ತಂದುಕೊಡುವುದಿಲ್ಲ. ಬಾಯಾರಿದರೆ ಅಡುಗೆಮನೆಗೆ ಹೋಗಿ ಬಿಂದಿಗೆಯಿಂದ ತಾವೇ ಬಗ್ಗಿಸಿಕೊಂಡು ಕುಡಿಯುತ್ತಾರೆ. ಇದನ್ನು ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ನೋಡಿಯೇ ಕಲಿಯುತ್ತವೆ.

ಮಾರ್ಚ್ ತಿಂಗಳ ಒಂದು ಭಾನುವಾರ ನಾನು ಹತ್ತು ಗಂಟೆಗೆ ಎದ್ದು, ಕೋಣೆಯಿಂದ ಹೊರಗೆ ಬಂದು ನಡುಮನೆಯ ಕುರ್ಚಿಯ ಮೇಲೆ ಕೂತೆ. ನನ್ನ ಮಗಳು ನವ್ಯ, ಎಂಟು ವರ್ಷದವಳು, ನೆಲದ ಮೇಲೆ ತಮ್ಮನ ಜೊತೆ ಆಡುತ್ತಿದ್ದವಳು ಎದ್ದು ಒಳಗೆ ಹೋದಳು. ತುಂಬಿದ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ತಂದು ನನ್ನ ಮುಂದಿಟ್ಟು, ಹಿಂದೆ ಸರಿದು ಬಾಗಿಲ ಪಕ್ಕ ನಿಂತಳು.

“ನೋಡ್ಲಾ, ಎಷ್ಟು ಬುದ್ಧಿ ಐತೆ ನನ್ನ ಮೊಮ್ಮಗಳ್ಗೆ,” ಅಂದಳು ನನ್ನ ತಾಯಿ ಅಕ್ಕಯ್ಯಮ್ಮ.

ಚೊಂಬನ್ನು ಕೈಯಲ್ಲಿ ಹಿಡಿದುಕೊಂಡೇ ಕೂತೆ. ಅದು ನನ್ನ ಮನೆ. ಆ ಕುರ್ಚಿ ನಾನು ತಂದದ್ದು. ಆ ಚೊಂಬು ನನ್ನ ಮದುವೆಯಲ್ಲಿ ಬಂದದ್ದು. ಮಗಳು ಮಾತ್ರ ನನ್ನನ್ನು ನೆಂಟ ಎಂದುಕೊಂಡಿದ್ದಳು. ಅವಳ ತಪ್ಪೇನೂ ಇರಲಿಲ್ಲ, ಅದೇ ಇನ್ನೂ ಉರಿಯುವಂತೆ ಮಾಡಿತು.

ನಾನು ವೈಟ್‌ಫೀಲ್ಡಿನ ಒಂದು ಗೋಡೌನಿನಲ್ಲಿ ಸ್ಟಾಕು ನೋಡಿಕೊಳ್ಳುವವನು. ನಮ್ಮ ಹಳ್ಳಿ ಬಂಗಾರಪೇಟೆಯಿಂದ ಬೇತಮಂಗಲದ ದಿಕ್ಕಿಗಿದೆ. ಬೆಳಗಿನ ಜಾವ ನಾಲ್ಕೂ ಮುಕ್ಕಾಲಿಗೆ ಬೈಕು ಹತ್ತಿ ಸ್ಟೇಷನ್ ಸೇರಿ ರೈಲು ಹಿಡಿಯುತ್ತೇನೆ. ಮನೆಗೆ ಬರುವಾಗ ಒಂಬತ್ತೂವರೆ. ಹೋಗುವಾಗ ಮಕ್ಕಳು ಮಲಗಿರುತ್ತವೆ, ಬರುವಾಗಲೂ ಮಲಗಿರುತ್ತವೆ. ನವ್ಯ ಹುಟ್ಟುವ ಮುಂಚಿನ ವರ್ಷ ಶುರುವಾದದ್ದು, ಒಂಬತ್ತು ವರ್ಷವಾಯಿತು. ನನ್ನ ಮಕ್ಕಳು ಉದ್ದ ಆಗುತ್ತಿರುವುದು ನನಗೆ ಗೊತ್ತಾಗುವುದು ಅವು ಮಲಗಿದ್ದಾಗ, ಕಾಲು ಚಾಪೆಯಿಂದ ಎಷ್ಟು ಆಚೆ ಬಂದಿದೆ ಎಂಬ ಲೆಕ್ಕದಲ್ಲಿ.

ಉಳಿದದ್ದು ಭಾನುವಾರ. ಭಾನುವಾರ ನನಗೆ ನಿದ್ದೆಯ ದಿನ. ಮನೆಯಲ್ಲಿ ಒಂದು ಕಾನೂನು ಇತ್ತು, ಯಾರು ಮಾಡಿದರೋ ಗೊತ್ತಿಲ್ಲ, ನನ್ನ ತಾಯಿಯೇ ಇರಬೇಕು: “ಅಪ್ಪ ಮಲಗವ್ನೆ, ಎಬ್ಬಿಸಬ್ಯಾಡ್ರಿ.” ಅವತ್ತು ಟಿ.ವಿ. ಹಾಕಿದರೂ ಸದ್ದು ಇರುವುದಿಲ್ಲ. ಮಕ್ಕಳು ಕಾರ್ಟೂನಿನವರು ಬಾಯಿ ಆಡಿಸುವುದನ್ನು ನೋಡುತ್ತಾ ಕೂತಿರುತ್ತವೆ. ಚಿಕ್ಕವನು ವೆಂಕಿಗೆ ಈಗ ನಾಲ್ಕು. ಅವನು ಮಾತು ಕಲಿಯುವ ಮೊದಲೇ ತುಟಿಗೆ ಬೆರಳಿಟ್ಟು ‘ಶ್’ ಅನ್ನುವುದನ್ನು ಕಲಿತ. ಮನೆಗೆ ಬಂದವರೆಲ್ಲ ಅದನ್ನು ನೋಡಿ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಚೊಂಬಿನ ಭಾನುವಾರ ಆದಮೇಲೆ ನನಗೆ ಅದು ನಗು ತರಿಸಲಿಲ್ಲ.

ಮೇ ತಿಂಗಳಲ್ಲಿ ಗೋಡೌನಿಗೆ ಹುಳದ ಔಷಧಿ ಹೊಡೆಸುವುದಕ್ಕೆ ನಾಲ್ಕು ದಿನ ಬೀಗ ಹಾಕುತ್ತಾರೆ ಎಂದು ಗೊತ್ತಾಯಿತು. ಶಾಲೆಗೂ ರಜೆ. ಮಕ್ಕಳನ್ನು ಕರೆದುಕೊಂಡು ಎಲ್ಲಾದರೂ ಹೋಗಬೇಕು ಎಂದುಕೊಂಡೆ. ಮನೆಯಲ್ಲೇ ಇದ್ದರೆ ನಾಲ್ಕು ಭಾನುವಾರ ಸಾಲಾಗಿ ಬಂದಂತೆ, ಅಷ್ಟೇ. ಬೇರೆ ಊರಿಗೆ ಹೋದರೆ ಎಲ್ಲರೂ ನೆಂಟರೇ. ಅಲ್ಲಿ ನನಗೊಬ್ಬನಿಗೇ ಯಾರೂ ಚೊಂಬು ತಂದಿಡುವುದಿಲ್ಲ. ನನ್ನ ತಲೆಯಲ್ಲಿದ್ದದ್ದು ಇಷ್ಟೇ, ಇದನ್ನು ಯಾರಿಗೂ ಹೇಳಲಿಲ್ಲ.

ಈಗ ಎಲ್ಲರ ಫೋನಿನಲ್ಲೂ ಬರುತ್ತದಲ್ಲ, ಕುಟುಂಬ ಸಮೇತ ಬಂದು ಹಳ್ಳಿಯ ಸುಖ ಅನುಭವಿಸಿ ಎಂದು, ನನಗೂ ಅಂಥದ್ದೇ ಒಂದು ಜಾಹೀರಾತು ಸಿಕ್ಕಿತು. ನೀಲಿ ನೀರಿನ ಈಜುಕೊಳ, ಹೆಂಚಿನ ಗುಡಿಸಲು, ಟೈರಿನ ಉಯ್ಯಾಲೆ. ಮಕ್ಕಳು ಹಸು ಕರೆಯಬಹುದು, ಎತ್ತಿನ ಗಾಡಿ ಹತ್ತಬಹುದು, ರಾಗಿಮುದ್ದೆ ಉಣ್ಣಬಹುದು. ಒಂದು ಭಾನುವಾರ ಊಟ ಮಾಡುತ್ತಾ ತಾಯಿಗೆ ತೋರಿಸಿದೆ. ಅವಳು ಆಗತಾನೇ ಎರಡು ಹಸು ಕರೆದು ಡೈರಿಗೆ ಹಾಲು ಹಾಕಿ ಬಂದಿದ್ದಳು.

“ಅಸ ಕರ್ಯಾಕೆ ನಾವು ದುಡ್ಡು ಕೊಡ್ಬೇಕಾ?” ಅಂದಳು. “ಅಂಗಾದ್ರೆ ಅವರನ್ನ ಇಲ್ಲಿಗೇ ಕಳ್ಸು. ಸಗಣೀನೂ ಎತ್ಲಿ.”

ನನ್ನ ಹೆಂಡತಿ ಶ್ಯಾಮಲ ನಕ್ಕು ತಟ್ಟೆಯ ಮೇಲೆ ಬಗ್ಗಿದಳು. ಅದು ಅಲ್ಲಿಗೆ ಮುಗಿಯಿತು.

ರೈಲಿನಲ್ಲಿ ಕೇಳಿದೆ. ನಮ್ಮದು ಹತ್ತು ಹನ್ನೆರಡು ಜನರ ಗುಂಪು, ಒಂದೇ ಬೋಗಿ, ಒಂದೇ ಮೂಲೆ. ಮಾರಿಕುಪ್ಪಂ ಕಡೆಯಿಂದ ಬರುವವರು ನಮಗೆ ಜಾಗ ಹಿಡಿದಿರುತ್ತಾರೆ. ಹಿರಿಯನೆಂದರೆ ಶ್ರೀರಾಮಪ್ಪ, ಕೆ.ಆರ್. ಪುರಂನಲ್ಲಿ ಒಂದು ಅಪಾರ್ಟ್‌ಮೆಂಟಿನ ಕಾವಲುಗಾರ. ಅವನು ಬೇತಮಂಗಲ ಅಂದ. ಕೆರೆ ಇದೆ, ಗಾಳಿ ಇದೆ, ಮೀನು ಇದೆ. ಕೆರೆ ದಂಡೆಯಲ್ಲಿ ನಾಲ್ಕು ವರ್ಷದ ಹುಡುಗನನ್ನು ಏನು ಮಾಡಲಿ, ಹಗ್ಗ ಕಟ್ಟಿ ಮೇಯಿಸಲಾ ಅಂದೆ. ರಾಬರ್ಟ್‌ಸನ್‌ಪೇಟೆಯ ತಮಿಳಿನವನೊಬ್ಬ ಮುಚ್ಚಿದ ಚಿನ್ನದ ಗಣಿ ಮೈಸೂರು ಮೈನ್ಸ್ ತೋರಿಸು, ಚರಿತ್ರೆ ಅಲ್ಲವಾ ಅಂದ. ಬಸ್ಸಿನಲ್ಲಿ ಹೋದಾಗೆಲ್ಲ ಕಾಣುವ ಮಣ್ಣಿನ ದಿಬ್ಬವನ್ನು ತೋರಿಸುವುದಕ್ಕೆ ರಜೆ ಬೇಕಾ? ಇನ್ನೊಬ್ಬ ದೇವಸ್ಥಾನ ಅಂದ, ಮತ್ತೊಬ್ಬ ಹೆಂಡತಿಯ ತವರು ಅಂದ. ಶ್ಯಾಮಲಳ ತವರು ನಮ್ಮ ಮನೆಯಿಂದ ಮೂರನೇ ಬೀದಿ. ಮೂರು ವಾರ ಇದೇ ಚರ್ಚೆ ನಡೆಯಿತು. ಕೊನೆಗೆ ಶ್ರೀರಾಮಪ್ಪ, “ನೀನು ಊರು ಉಡುಕ್ತಿದ್ದೀಯೋ ಎಣ್ಣು ಉಡುಕ್ತಿದ್ದೀಯೋ?” ಎಂದು ಕೇಳಿದ ಮೇಲೆ, ಎಲ್ಲಿಗೂ ಹೋಗುವುದಿಲ್ಲ ಬಿಡಿ ಎಂದು ಬಾಯಿ ಮುಚ್ಚಿದೆ.

ಆಮೇಲೆ ಮುನೀಂದ್ರ ಒಬ್ಬನೇ ಸಿಕ್ಕಾಗ ಹೇಳಿದ. ಅವನೂ ನಮ್ಮ ಗುಂಪಿನವನೇ, ನನ್ನ ಓರಗೆಯವನು, ಮಾತು ಕಡಿಮೆ. ಅವನ ಚಿಕ್ಕಮ್ಮ ಮಂಗಮ್ಮನಿಗೆ ಟೇಕಲ್ ಹತ್ತಿರ ಮಾವಿನ ತೋಟ ಇದೆಯಂತೆ. ತೋಟದಲ್ಲಿ ಎರಡು ಕೋಣೆ ಕಟ್ಟಿಸಿ ರಜೆಗೆ ಬರುವವರಿಗೆ ಕೊಡುತ್ತಾಳಂತೆ. ಮಕ್ಕಳಿರುವವರೇ ಹೆಚ್ಚು ಬರುತ್ತಾರೆ. ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿದ್ದಾಳೆ, ನಾಯಿ ಕಚ್ಚುವುದಿಲ್ಲ, ಹಿಂದೆ ದೊಡ್ಡ ಬಂಡೆಗಳ ಬೆಟ್ಟ ಇದೆ, ಸ್ಟೇಷನ್ನಿನಿಂದ ನಡೆದುಹೋಗುವಷ್ಟು ದೂರ.

ಟೇಕಲ್ ಅಂದರೆ ನಾನು ದಿನಾ ಹೋಗುವ ದಾರಿಯಲ್ಲೇ ಇರುವ ಸ್ಟೇಷನ್. ಬಂಗಾರಪೇಟೆ ಬಿಟ್ಟರೆ ಎರಡನೆಯದು. ಒಂಬತ್ತು ವರ್ಷದಲ್ಲಿ ಅದನ್ನು ಕಣ್ಣುಬಿಟ್ಟು ನೋಡಿರಲಿಲ್ಲ. ಶ್ರೀರಾಮಪ್ಪನಿಗೆ ಗೊತ್ತಾದರೆ ವರ್ಷವಿಡೀ ಆಡಿಕೊಳ್ಳುತ್ತಾನೆ, ಗೊರಕೆ ಹೊಡೆಯುವ ಸ್ಟೇಷನ್ನಿಗೇ ಪ್ರವಾಸ ಹೊರಟ ಎಂದು. ಬೇರೆ ಯಾರಿಗೂ ಹೇಳಬೇಡ ಎಂದೆ. ಮುನೀಂದ್ರ ತಲೆಯಾಡಿಸಿದ.

ಮಂಗಮ್ಮನಿಗೆ ಫೋನು ಮಾಡಿದೆ. ನಾನು ಕೇಳಬೇಕಾದ್ದನ್ನೆಲ್ಲ ಕೇಳಿದೆ. ಹಾವು ಬರುತ್ತದಾ, ಕೋತಿ ಕಾಟ ಇದೆಯಾ, ಡಾಕ್ಟರು ಎಷ್ಟು ದೂರ. ಅವಳು ಎಲ್ಲಕ್ಕೂ ಸಮಾಧಾನದಿಂದ ಉತ್ತರ ಕೊಟ್ಟು, ಆಮೇಲೆ ತಾನು ಕೇಳಲು ಶುರುಮಾಡಿದಳು.

“ಮಕ್ಕಳು ಮುದ್ದೆ ತಿಂತಾವಾ, ಅನ್ನ ಮಾಡಿಸ್ಲಾ?”

“ಕೇಳಿ ಹೇಳ್ತೀನಿ.”

“ಚಿಕ್ಕೋನು ಆಲು ಬಿಸಿ ಕುಡೀತಾನಾ, ಆರಿಸಿದ್ದಾ? ಕತ್ಲು ಅಂದ್ರೆ ಎದರ್ತಾನಾ? ನಾಯಿ ಕಂಡ್ರೆ?”

“ಕೇಳಿ ಹೇಳ್ತೀನಮ್ಮ.”

“ಮಕ್ಕಳು ನಿಮ್ಮವೇ ಅಲ್ವಾಪ್ಪ?” ಅಂದಳು. ತಮಾಷೆಗೇ ಕೇಳಿದ್ದು, ಧ್ವನಿಯಲ್ಲಿ ನಗು ಇತ್ತು. ನಾನೂ ನಕ್ಕ ಹಾಗೆ ಮಾಡಿ ಫೋನಿಟ್ಟೆ. ಅವತ್ತು ಸಂಜೆ ವೈಟ್‌ಫೀಲ್ಡಿನ ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕೂತಿದ್ದಾಗ, ಸುತ್ತ ನೂರಾರು ಜನ ಇದ್ದರೂ, ಯಾರೂ ಇಲ್ಲದವನ ಹಾಗೆ ಅನ್ನಿಸಿತು. ಅಷ್ಟು ಒಂಟಿತನ ನನಗೆ ಹಿಂದೆ ಯಾವತ್ತೂ ಆಗಿರಲಿಲ್ಲ.

ಮಂಗಮ್ಮನ ಪ್ರಶ್ನೆಗಳನ್ನು ಶ್ಯಾಮಲಳ ಮುಂದಿಟ್ಟೆ. ಅವಳು ಅಂಗನವಾಡಿ ಕಾರ್ಯಕರ್ತೆ, ಅದೇ ನಾಲ್ಕು ದಿನ ಅವಳಿಗೆ ಸರ್ವೆ ಕೆಲಸ ಬಿದ್ದಿತ್ತು. ದಿನ ಬದಲಾಯಿಸೋಣ ಅಂದರೆ ಗೋಡೌನು ಕೇಳಬೇಕಲ್ಲ. ಅವಳು ಬಟ್ಟೆ ಮಡಚುತ್ತಾ ನನ್ನ ಮುಖ ನೋಡಿದಳು.

“ನೀವೇ ಕರ್ಕಂಡೋಗಿ. ನಾನು ಬಂದ್ರೆ ಎಲ್ಲಾ ನನ್ನೇ ಕೇಳ್ತಾವೆ. ನೀರು, ಉಚ್ಚೆ, ಊಟ, ಎಲ್ಲಾ. ನೀವು ಅಲ್ಲೂ ಮಲಕ್ಕಂಬಿಡ್ತೀರ.”

“ಮತ್ತೆ ಮಂಗಮ್ಮನಿಗೆ ಏನು ಏಳ್ಲಿ?”

“ನೋಡಿ ತಿಳ್ಕಳಿ,” ಅಂದಳು. ಕೋಪದಿಂದ ಹೇಳಿದ್ದಲ್ಲ. ಕೋಪ ಇದ್ದಿದ್ದರೆ ನಾನೂ ಒಂದು ಮಾತು ಆಡಿ ಹಗುರಾಗುತ್ತಿದ್ದೆ.

ಹೊರಡುವ ದಿನ ನಾನು ನನ್ನ ಮಾಮೂಲಿ ರೈಲಿಗೇ ಹೊರಟೆ. ಅಷ್ಟು ಮುಂಚೆ ಯಾಕೆ, ಬಸ್ಸಿನಲ್ಲಿ ನಿಧಾನ ಹೋಗಿ ಎಂದು ಶ್ಯಾಮಲ ಹೇಳಿದಳು. ನನಗೆ ಗೊತ್ತಿರುವ ರೈಲು ಅದೊಂದೇ, ಹೋದರೆ ಅದರಲ್ಲೇ ಎಂದು ಹಟ ಹಿಡಿದೆ. ಹಟದ ಹಿಂದೆ ಒಂದು ಆಸೆಯೂ ಇತ್ತು. ನಮ್ಮ ಗುಂಪಿನವರು ನನ್ನ ಮಕ್ಕಳನ್ನು ನೋಡಲಿ ಎಂದು. ಮಕ್ಕಳೂ ನೋಡಲಿ, ಅಪ್ಪನಿಗೂ ಜಾಗ ಹಿಡಿದು ಕೊಡುವ ಜನ ಇದ್ದಾರೆ ಎಂದು.

ಬೋಗಿಯಲ್ಲಿ ಭರ್ಜರಿ ಸ್ವಾಗತ ಆಯಿತು. ಶ್ರೀರಾಮಪ್ಪ ಕಿಟಕಿ ಸೀಟು ಬಿಟ್ಟುಕೊಟ್ಟ. ಯಾರೋ ವೆಂಕಿಗೆ ಬಿಸ್ಕತ್ತು ಕೊಟ್ಟರು. “ಏನ್ಲಾ ಸುಧಾಕರ, ಮಕ್ಕಳಿಗೆ ಬೆಂಗಳೂರು ತೋರಿಸ್ತೀಯಾ?” ಅಂದ ಶ್ರೀರಾಮಪ್ಪ. “ಸುಮ್ನೆ ಒಂದು ರೌಂಡು,” ಅಂದೆ. ಗುಟ್ಟು ಗೊತ್ತಿದ್ದವನು ಮುನೀಂದ್ರ ಒಬ್ಬನೇ. ಅವನು ಅವತ್ತು ಮದುವೆಗೆ ಹೋಗಿದ್ದ.

ನಮ್ಮ ಗುಂಪಿನಲ್ಲಿ ಒಂದು ಕಟ್ಟು ಇದೆ. ಯಾರು ಎಲ್ಲಿ ಇಳಿಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಇಳಿಯುವ ಸ್ಟೇಷನ್ ಬಂದಾಗ ಎಚ್ಚರ ಇದ್ದವನು ಮಲಗಿದವನನ್ನು ಎಬ್ಬಿಸಬೇಕು. ಅದಕ್ಕೆ ಮುಂಚೆ ಮಾತ್ರ, ಬೋಗಿಗೆ ಬೆಂಕಿ ಬಿದ್ದರೂ, ಎಬ್ಬಿಸಬಾರದು. ಹೊಸಬನೊಬ್ಬ ಒಮ್ಮೆ ಟೀ ಬಂತು ಎಂದು ಒಬ್ಬನನ್ನು ಎಬ್ಬಿಸಿ ಬೈಸಿಕೊಂಡಿದ್ದ. ಕೆಲಸಕ್ಕೆ ಮುಂಚಿನ ಕೊನೆಯ ನಿದ್ದೆ ಅದು, ಮುಂದಿನದು ಸಂಜೆಯ ರೈಲಿನಲ್ಲೇ. ಅದನ್ನು ಕದಿಯುವವನನ್ನು ನಾವು ಮನುಷ್ಯನೆಂದು ನೋಡುವುದಿಲ್ಲ.

ವೆಂಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ನವ್ಯ ಕಿಟಕಿಯ ಸರಳು ಹಿಡಿದು ಕೂತಳು. ಇಪ್ಪತ್ತೈದು ನಿಮಿಷದ ದಾರಿ. “ಬಂಡೆ ಬೆಟ್ಟ ಬತ್ತದೆ ನೋಡ್ತಿರು, ತೋರಿಸ್ತೀನಿ,” ಎಂದೆ. ಅವಳು ತಲೆಯಾಡಿಸಿದಳು. ಬೋಗಿ ಒಂದು ಸಲ ಜಗ್ಗಿ ಹೊರಟದ್ದು ಗೊತ್ತು.

“ಸುಧಾಕರ, ಎದ್ದೇಳಪ್ಪಾ. ವೈಟ್‌ಫೀಲ್ಡು.”

ಹೆಗಲ ಮೇಲೆ ಶ್ರೀರಾಮಪ್ಪನ ಕೈ. ಎದ್ದೆ. ತಲೆಯ ಮೇಲಿನ ಹಲಗೆಯಿಂದ ಬ್ಯಾಗು ಎಳೆದುಕೊಂಡೆ, ಜನರ ನಡುವೆ ನುಗ್ಗಿ ಇಳಿದೆ, ಮೇಲ್ಸೇತುವೆಯ ಮೆಟ್ಟಿಲ ಕಡೆ ಕಾಲು ಹಾಕಿದೆ. ಒಂಬತ್ತು ವರ್ಷದಿಂದ ಹಾಕಿದ ಹಾಗೆಯೇ. ಇಪ್ಪತ್ತು ಹೆಜ್ಜೆ ಹೋಗಿರಬೇಕು. ಬ್ಯಾಗು ಯಾಕೋ ಭಾರ ಅನ್ನಿಸಿತು. ಊಟದ ಡಬ್ಬಿಯ ಭಾರ ಅಲ್ಲ ಅದು. ಯಾಕೆ ಭಾರ ಎಂದು ಯೋಚಿಸುತ್ತಾ ಇನ್ನೂ ಎರಡು ಹೆಜ್ಜೆ ಇಟ್ಟೆ.

ಆಗ ಮಕ್ಕಳ ನೆನಪಾಯಿತು.

ತಿರುಗಿದೆ. ರೈಲು ಹೊರಟಿತ್ತು. ಬಾಗಿಲಲ್ಲಿ ಶ್ರೀರಾಮಪ್ಪ ನಿಂತು ಕೈ ಮಾಡಿ ಏನೋ ಕೂಗುತ್ತಿದ್ದ. ಮಕ್ಕಳನ್ನು ಅವನೇ ಎತ್ತಿ ಇಳಿಸಿದ್ದ. ಪ್ಲಾಟ್‌ಫಾರಮ್ಮಿನ ನಡುವೆ ಜನ ಆ ಕಡೆ ಈ ಕಡೆ ಹರಿದುಹೋಗುತ್ತಿದ್ದರು, ಮಧ್ಯದಲ್ಲಿ ಅವರಿಬ್ಬರು ಕೈ ಹಿಡಿದುಕೊಂಡು ನಿಂತಿದ್ದರು. ವೆಂಕಿಯ ಒಂದು ಕಾಲಿನಲ್ಲಿ ಚಪ್ಪಲಿ ಇತ್ತು, ಇನ್ನೊಂದು ನವ್ಯಳ ಕೈಯಲ್ಲಿ. ಅವನ ತುಟಿ ನಡುಗುತ್ತಿತ್ತು. ನವ್ಯ ಚಪ್ಪಲಿ ಹಿಡಿದ ಕೈಯಲ್ಲೇ ಬೆರಳೊಂದನ್ನು ಬಾಯಿಯ ಹತ್ತಿರ ತಂದು ಅವನಿಗೆ ‘ಶ್’ ಅಂದಳು.

ನಾನು ಓಡಿದೆ. ಯಾರಿಗೋ ಡಿಕ್ಕಿ ಹೊಡೆದೆ, ಬೈಸಿಕೊಂಡೆ. ಇಬ್ಬರನ್ನೂ ಎಳೆದು ಬೆಂಚಿನ ಮೇಲೆ ಕೂರಿಸಿ, ಎದುರಿಗೆ ನೆಲದ ಮೇಲೆ ಕೂತೆ. ಗೋಡೌನಿನಲ್ಲಿ ಹತ್ತು ಸಾವಿರ ಡಬ್ಬಗಳಲ್ಲಿ ಒಂದು ಕಡಿಮೆಯಾದರೆ ಹೇಳಬಲ್ಲವನು ನಾನು. ನನ್ನ ಎರಡು ಮಕ್ಕಳನ್ನು ರೈಲಿನಲ್ಲೇ ಬಿಟ್ಟು ಕೆಲಸಕ್ಕೆ ಹೊರಟಿದ್ದೆ.

“ಇದೇ ಊರಾ?” ಎಂದ ವೆಂಕಿ.

“ಅಲ್ಲ ಕಣೋ,” ಅಂದಳು ನವ್ಯ. “ಇದು ಅಪ್ಪನ ಊರು. ವೈಟ್‌ಫೀಲ್ಡು.”

ಅವಳು ಅದನ್ನು ಪಾಠ ಒಪ್ಪಿಸುವ ಹಾಗೆ ಹೇಳಿದಳು. ಯಾರಾದರೂ ಕೆನ್ನೆಗೆ ಬಾರಿಸಿದ್ದರೆ ಅಷ್ಟು ನೋಯುತ್ತಿರಲಿಲ್ಲ.

“ಟೇಕಲ್ ಬಂದಾಗ ನಿಂಗೆ ಗೊತ್ತಾಗ್ಲಿಲ್ವಾ ಪುಟ್ಟಿ?” ಎಂದು ಕೇಳಿದೆ.

“ಗೊತ್ತಾಯ್ತು. ಬೋರ್ಡು ಓದ್ದೆ. ಬೆಟ್ಟಾನೂ ನೋಡ್ದೆ.”

“ಮತ್ತೆ ಎಬ್ಬಿಸ್ಲಿಲ್ಲ ಯಾಕೆ?”

ಅವಳು ಚಪ್ಪಲಿಯ ಧೂಳು ಒರೆಸಿದಳು. “ಕೈ ಚಾಚ್ದೆ. ಆ ತಾತ ‘ಮಲಗ್ಲಿ ಬಿಡವ್ವ, ಪಾಪ, ನಿಮ್ಮಪ್ಪ ಇಳಿಯೋ ಟೈಮಿಗೆ ನಾನು ಎಬ್ಬಿಸ್ತೀನಿ’ ಅಂತು. ಮನೇಲೂ ಎಬ್ಬಿಸ್ಬಾರ್ದು ಅಲ್ವಾ.”

ಶ್ರೀರಾಮಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಬರಲಿಲ್ಲ. ಅವನು ಪ್ರೀತಿಯಿಂದಲೇ ಮಾಡಿದ್ದು. ನನ್ನ ತಾಯಿಯೂ ಪ್ರೀತಿಯಿಂದಲೇ ಮಾಡಿದ್ದು. ನನ್ನ ನಿದ್ದೆಯನ್ನು ಎಲ್ಲರೂ ಸೇರಿ ಎಷ್ಟು ಜೋಪಾನವಾಗಿ ಕಾದರೆಂದರೆ, ಅದರೊಳಗೆ ನಾನೊಬ್ಬನೇ ಉಳಿದುಕೊಂಡೆ.

ಟೇಕಲ್‌ನಲ್ಲಿ ನಿಲ್ಲುವ ಗಾಡಿ ಇನ್ನು ಮಧ್ಯಾಹ್ನಕ್ಕೇ. ಮಂಗಮ್ಮನಿಗೆ ಫೋನು ಮಾಡಿ ತಡ ಆಗುತ್ತದೆ ಎಂದೆ. ಅಷ್ಟರಲ್ಲಿ ಶ್ಯಾಮಲಳ ಫೋನು ಬಂತು. “ಸೇರಿದ್ರಾ?” ಎಂದಳು. “ಊಂ, ಸೇರಿದ್ವಿ,” ಎಂದೆ. “ತೋಟ ಎಂಗೈತೆ?” ಎಂದಳು. “ಚೆನ್ನಾಗೈತೆ. ತಂಪಾಗೈತೆ,” ಎಂದೆ. ನವ್ಯ ನನ್ನನ್ನೇ ನೋಡುತ್ತಿದ್ದಳು. ದೊಡ್ಡವರ ಗುಟ್ಟು ಕಾಪಾಡುವುದೂ ಅವಳಿಗೆ ಬರುತ್ತದೆ ಎಂದು ಅವತ್ತು ತಿಳಿಯಿತು.

ಇಡ್ಲಿ ತಂದೆ. ವೆಂಕಿ ಚಟ್ನಿ ಸೋಕಿದ ತುಂಡನ್ನು ತೆಗೆದು ಪಕ್ಕಕ್ಕಿಟ್ಟ. “ಅವನು ಬರೀ ಇಡ್ಲಿ ತಿನ್ನೋದು, ಸಕ್ಕರೆ ಇದ್ರೆ ಸಕ್ಕರೆ,” ಎಂದಳು ನವ್ಯ. ಹೋಟೆಲಿನವನನ್ನು ಕಾಡಿ ಸಕ್ಕರೆ ತಂದೆ. ವೆಂಕಿಗೆ ಉಚ್ಚೆ ಬಂತು. ಅವನ ಚಡ್ಡಿಯ ಗುಂಡಿ ಬಿಚ್ಚಲು ನನಗೆ ಬರಲಿಲ್ಲ, ಅದು ಗುಂಡಿಯೇ ಅಲ್ಲ, ಒಳಗೆ ಒಂದು ಕೊಕ್ಕೆ. ನವ್ಯ ಒಂದು ಕೈಯಲ್ಲಿ ಬಿಚ್ಚಿದಳು. ಹಾಲು ಆರಿಸಿದ್ದೇ ಬೇಕು. ಕತ್ತಲಿಗೆ ಅವನು ಹೆದರುವುದಿಲ್ಲ, ಹೆದರುವವಳು ಅವಳು. ನಾಯಿ ಕಂಡರೆ ಇಬ್ಬರಿಗೂ ಇಷ್ಟ. ಮಂಗಮ್ಮನ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಸಿಗುತ್ತಾ ಹೋಯಿತು, ಸಿಗಬೇಕಾದ ಜಾಗದಲ್ಲಲ್ಲ, ಅಷ್ಟೇ.

“ನೀನು ಇಲ್ಲಿ ಎಲ್ಲಿ ಕೂತ್ಕಂತೀಯ?” ಎಂದ ವೆಂಕಿ, ಹೊಟ್ಟೆ ತುಂಬಿದ ಮೇಲೆ.

ತೋರಿಸಿದೆ. ಸಂಜೆ ರೈಲಿಗೆ ಕಾಯುವ ಬೆಂಚು, ಮಳೆ ಬಂದರೆ ಸೋರುವ ಜಾಗ, ನೀರು ಬರುವ ನಲ್ಲಿ ಮತ್ತು ಬರದ ನಲ್ಲಿ, ನನ್ನ ಬೋಗಿ ಬಂದು ನಿಲ್ಲುವ ಕಲ್ಲು. ಅವರು ನನ್ನ ಬೆಂಚಿನ ಮೇಲೆ ಕೂತು ನೋಡಿದರು. ಕಲ್ಲಿನ ಮೇಲೆ ನಿಂತು ನೋಡಿದರು. ಆ ಪ್ಲಾಟ್‌ಫಾರಮ್ಮಿನ ಬಗ್ಗೆ ನನಗೆ ಇಷ್ಟೊಂದು ಗೊತ್ತಿತ್ತು. ನನ್ನ ಮನೆಯಲ್ಲಿ ಸಕ್ಕರೆ ಡಬ್ಬ ಎಲ್ಲಿದೆ ಎಂದು ಕೇಳಿದರೆ ಹೇಳಲಾರೆ.

ಮಧ್ಯಾಹ್ನದ ಗಾಡಿ ಖಾಲಿಯಿತ್ತು. ಎದುರು ಬದುರು ಕೂತೆವು. ನಾನು ನವ್ಯಳಿಗೆ ಹೇಳಿದೆ:

“ನಾನು ಮಲಗಿದ್ರೆ ನೀನು ಎಬ್ಬಿಸ್ಬೇಕು. ಯಾರು ಬ್ಯಾಡ ಅಂದ್ರೂ ಸರಿ.”

“ಬೈಯಲ್ವಾ?”

“ಯಾವಾಗ ಬೈದೆ?”

“ವೆಂಕಿ ತಟ್ಟೆ ಬೀಳಿಸಿದಾಗ. ನೀನು ಎದ್ದು ಬಂದು ತಟ್ಟೆ ಬಿಸಾಕಿದೆ. ಅವನು ಅಜ್ಜಿ ಕೊಟ್ಟಿಗೇಲಿ ಬಚ್ಚಿಟ್ಕಂಡಿದ್ದ.”

ನನಗೆ ನೆನಪೇ ಇರಲಿಲ್ಲ. ಎಷ್ಟು ಜಾಲಾಡಿದರೂ ಸಿಗಲಿಲ್ಲ. ನಿದ್ದೆಗಣ್ಣಿನಲ್ಲಿ ಎದ್ದು, ಮಾಡಿ, ಮತ್ತೆ ಹೋಗಿ ಮಲಗಿರಬೇಕು. ಅವರಿಬ್ಬರೂ ಅದನ್ನು ಇಟ್ಟುಕೊಂಡಿದ್ದರು.

“ಬೈಯಲ್ಲ,” ಎಂದೆ. ಅವಳು ನಂಬಿದಳೋ ಇಲ್ಲವೋ ಮುಖದಲ್ಲಿ ಗೊತ್ತಾಗಲಿಲ್ಲ.

ಮಾಲೂರು ದಾಟಿತು. ನನಗೆ ನಿದ್ದೆ ಬರುತ್ತಿರಲಿಲ್ಲ, ಒಂಬತ್ತು ವರ್ಷದಲ್ಲಿ ಮೊದಲ ಸಲ. ಬ್ಯಾಟರಾಯನಹಳ್ಳಿ ಬಿಟ್ಟ ಮೇಲೆ ನನಗೆ ಒಂದು ಕೆಟ್ಟ ಬುದ್ಧಿ ಬಂತು. ಕಣ್ಣು ಮುಚ್ಚಿದೆ. ತಲೆಯನ್ನು ಕಿಟಕಿಗೆ ಆನಿಸಿ ಬಾಯಿ ಸ್ವಲ್ಪ ತೆರೆದು ಉಸಿರು ಎಳೆದೆ. ಮಕ್ಕಳನ್ನು ಪರೀಕ್ಷೆ ಮಾಡುವುದು ತಪ್ಪೆಂದು ಗೊತ್ತು. ಆದರೆ ನನಗೆ ತಿಳಿಯಲೇಬೇಕಿತ್ತು.

ಆಮೇಲೆ ವೆಂಕಿಯ ಪಿಸುಮಾತು, “ಅಪ್ಪ ಮಲಗೈತೆ.” ಅದರ ಹಿಂದೆಯೇ ನವ್ಯಳ ‘ಶ್’. ಗಾಡಿ ನಿಧಾನ ಆಗತೊಡಗಿತು. ಬಂಡೆಗಳ ನೆರಳು ಕಣ್ಣಿನ ರೆಪ್ಪೆಯ ಮೇಲೆ ಹಾದುಹೋಗುವುದು ಗೊತ್ತಾಗುತ್ತಿತ್ತು. ಬ್ರೇಕಿನ ಸದ್ದು. ಗಾಡಿ ನಿಂತಿತು. ಹೊರಗೆ ಯಾರೋ ಮಾವಿನಕಾಯಿ ಬುಟ್ಟಿ ಇಳಿಸುತ್ತಾ ಕೂಗಾಡುತ್ತಿದ್ದರು. ಇಲ್ಲಿ ಗಾಡಿ ಒಂದು ನಿಮಿಷ ನಿಂತರೆ ಹೆಚ್ಚು. ಇನ್ನು ನಾನೇ ಏಳಬೇಕು, ಎದ್ದು ಏನೂ ಆಗದವನ ಹಾಗೆ ಬ್ಯಾಗು ಎತ್ತಿಕೊಳ್ಳಬೇಕು, ನಾಲ್ಕು ದಿನ ಕಳೆದು ಮತ್ತೆ ನನ್ನ ಕುರ್ಚಿಗೆ ಹೋಗಿ ಕೂತು ಚೊಂಬಿಗೆ ಕಾಯಬೇಕು ಎಂದುಕೊಂಡೆ. ಆದರೂ ಕಣ್ಣು ಬಿಡಲಿಲ್ಲ. ಇನ್ನೊಂದು ಕ್ಷಣ ಎಂದು ಕೂತಿದ್ದೆ.

ಒಂದು ಸಣ್ಣ ಕೈ ನನ್ನ ಮೊಣಕಾಲನ್ನು ಮುಟ್ಟಿತು. ಬಿಸಿ ಇಸ್ತ್ರಿಪೆಟ್ಟಿಗೆ ಮುಟ್ಟಿದ ಹಾಗೆ ಮುಟ್ಟಿ ಹಿಂದಕ್ಕೆ ಹೋಯಿತು. ಮತ್ತೆ ಬಂತು. ಆಮೇಲೆ ಎರಡು ಕೈ ಬಂದು ನನ್ನ ಅಂಗಿಯ ಕಾಲರ್ ಹಿಡಿದು ಅಲುಗಾಡಿಸಿದವು.

“ಅಪ್ಪ, ಏಳು. ಟೇಕಲ್ ಬಂತು. ಏಳು ಅಂದ್ನಲ್ಲ.”

ಇನ್ನೊಂದು ಕಡೆಯಿಂದ ವೆಂಕಿ ನನ್ನ ಮೀಸೆ ಹಿಡಿದು ಎಳೆದ. ನಿಜವಾಗಿಯೂ ನೋವಾಯಿತು. ಅವನು ಎಳೆದು, ತಕ್ಷಣ ಅಕ್ಕನ ಹಿಂದೆ ಅಡಗಿ, ಅಲ್ಲಿಂದ ಇಣುಕಿ ನನ್ನ ಮುಖ ನೋಡಿದ. ಬೈಗುಳಕ್ಕೆ ಕಾಯುತ್ತಿದ್ದ.

“ಎದ್ದೆ ಕಣ್ಲಾ,” ಎಂದೆ. “ಚಪ್ಪಲಿ ಆಕ್ಕ, ಇಳಿಯಾಣ.”

ನವ್ಯ ಬ್ಯಾಗಿನ ಒಂದು ಕಿವಿ ಹಿಡಿದಳು, ನಾನೊಂದು ಕಿವಿ. ವೆಂಕಿಯನ್ನು ಸೊಂಟದ ಮೇಲೆ ಏರಿಸಿಕೊಂಡೆ. ಇಳಿದು ಎಣಿಸಿದೆ, ಇಬ್ಬರೂ ಇದ್ದರು. ಗಾಡಿ ಹೋಯಿತು. ಬಿಸಿಲಿನಲ್ಲಿ ಸ್ಟೇಷನ್ ಖಾಲಿಯಾಗಿ ನಿಂತಿತ್ತು, ಅದರ ಹಿಂದೆ ಒಂದರ ಮೇಲೊಂದು ಕೂತ ಬಂಡೆಗಳು. ಇದು ಇಷ್ಟು ದಿನ ಇಲ್ಲೇ ಇತ್ತು. ನಾಲ್ಕು ದಿನದಲ್ಲಿ ಅರ್ಧ ದಿನ ಆಗಲೇ ಹೋಗಿತ್ತು. ಉಳಿದದ್ದೂ ಹೋಗುತ್ತದೆ, ಐದನೆಯ ದಿನ ಮತ್ತೆ ನಾಲ್ಕೂ ಮುಕ್ಕಾಲಿಗೆ ಬೈಕು ಹತ್ತುತ್ತೇನೆ. ಅದನ್ನೆಲ್ಲ ಮರೆಯುವಷ್ಟು ದಡ್ಡ ನಾನಲ್ಲ.

ಬಾಯಿ ಒಣಗಿತ್ತು. ಬೆಳಗಿನಿಂದ ಒಂದು ಗುಟುಕು ಕುಡಿದಿರಲಿಲ್ಲ.

“ಪುಟ್ಟಿ, ನೀರು ಕೊಡವ್ವ,” ಎಂದೆ.

ನವ್ಯ ತಿರುಗಿಯೂ ನೋಡಲಿಲ್ಲ. ಕಲ್ಲು ಬೆಂಚಿನ ಕೆಳಗೆ ಒಂದು ನಾಯಿ ಮಲಗಿತ್ತು, ಅಕ್ಕ ತಮ್ಮ ಇಬ್ಬರೂ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು.

“ಬ್ಯಾಗಲ್ಲೈತೆ, ತಕ್ಕೊ,” ಅಂದಳು.

ಬಾಟಲಿ ಬಟ್ಟೆಗಳ ಅಡಿಯಲ್ಲಿತ್ತು. ಹುಡುಕಿ, ನಾನೇ ತೆಗೆದುಕೊಂಡು ಕುಡಿದೆ.